ಗೋಳಗುಮ್ಮಟದಲ್ಲಿ ಕೂಗುವ ಮಾತಿಗೆ ಪೂರ್ವಾನುಮತಿ ಪಡೆಯುವ ಕುರಿತು

…………………… ಇಲಾಖೆ
(ಹೆಸರು ಬರೆದರೆ ಮೇಲಿನವರು ವಿವರ ಕೇಳುವ ಸಂಭವವಿರುವುದರಿಂದ ಜಾಗ ಖಾಲಿ ಬಿಡಲಾಗಿದೆ)
ವಿಭಾಗ ಕಚೇರಿ, ಕೊಟ್ಟೂರು

ಸಂಖ್ಯೆ: ಪ್ರವಾಸ/ವಿಜಯಪುರ/ಎರಡು ದಿನ/ಹದಿನಾಲ್ಕು ತಿಂಗಳು/2024-25
ದಿನಾಂಕ: 17-02-2025

ಸುತ್ತೋಲೆ

ವಿಷಯ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ಶಾಖೆಗಳ ಸಿಬ್ಬಂದಿಯು ವಿಜಯಪುರ ನೋಡಲು ಮತ್ತು ಅಲ್ಲಿ ಉಣ್ಣಲು ಹೋಗಿಬಂದ ಬಗ್ಗೆ, ಹಾಗೂ ಇನ್ನು ಮುಂದೆ ಹಾಗೆ ಹೋಗುವಾಗ ಪಾಲಿಸಬೇಕಾದ ಕ್ರಮಗಳ ಬಗ್ಗೆ.

ಉಲ್ಲೇಖ:
(1) ಪ್ರವಾಸ ಸಂಚಾಲಕರಾದ ಶ್ರೀ ಗಂಗಪ್ಪ, ಪ್ರಥಮ ದರ್ಜೆ ಸಹಾಯಕರು, ರವಾನೆ ಶಾಖೆ, ಇವರು ಹೊರಡಿಸಿದ ಪ್ರವಾಸ ಸೂಚನೆ 1ರಿಂದ 11.
(2) ‘ಡಿ’ ದರ್ಜೆ ನೌಕರರಾದ ಶ್ರೀಮತಿ ಕರಿಯಕ್ಕ ಇವರು ಪ್ರವಾಸದ ಮುಂಚೆ ಮತ್ತು ನಂತರ ಚಹಾ ಕೊಡುವಾಗ ನೀಡಿದ ಮೌಖಿಕ ವರದಿಗಳು.
(3) ಶ್ರೀ ಗಂಗಪ್ಪ ಇವರ ಲಿಖಿತ ವಿವರಣೆ, ನಾಲ್ಕು ಹಾಳೆ (ಎರಡನೆಯ ಹಾಳೆಯ ಮೇಲೆ ಶೇಂಗಾ ಚಟ್ನಿ ಬಿದ್ದಿರುತ್ತದೆ).

ಮೇಲಿನ ವಿಷಯದಲ್ಲಿ ನಡೆದದ್ದು ನಡೆದ ಹಾಗೆ ಕಡತದಲ್ಲಿ ಇರಲಿ ಎಂಬ ಉದ್ದೇಶದಿಂದ ಈ ಕೆಳಗಿನಂತೆ ದಾಖಲಿಸಲಾಗಿದೆ.

1. ಶ್ರೀ ಗಂಗಪ್ಪ ಇವರು ಮೂಲತಃ ಹಿರೇಹಡಗಲಿಯವರು. ವಯಸ್ಸು ನಲವತ್ತೊಂಬತ್ತು, ಸೇವೆ ಹತ್ತೊಂಬತ್ತು ವರ್ಷ. ಇವರ ಮೇಲೆ ಯಾವ ದೂರೂ ಇರುವುದಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದ ಕೂಡಲೇ ವಿಜಯಪುರದ ಗೋಳಗುಮ್ಮಟದ ವರ್ಣನೆಗೆ ಕೂರುವುದು ಸದರಿಯವರ ರೂಢಿ. “ಒಳಗ ನಿಂತು ಒಂದ್ ಚಪ್ಪಾಳಿ ಹೊಡಿರಿ, ಏಳು ಸಲ ತಿರುಗಿ ಬರ್ತೈತಿ. ಮ್ಯಾಲ ಹೋಗಿ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ರಿ, ಆ ಕಡಿ ನಿಂತ ಮಂದಿಗೆ ಕಿವ್ಯಾಗ ಹೇಳಿದಂಗ ಕೇಳ್ತೈತಿ” ಎಂಬುದು ಆ ವರ್ಣನೆಯ ಸಾರಾಂಶ. ಇದನ್ನು ಕೇಳುತ್ತ ಎಷ್ಟೋ ನೌಕರರು ಪಕ್ಕದವರ ಬುತ್ತಿಯ ಪಲ್ಯ ತಮ್ಮದೆಂದು ತಿಂದಿರುವ ನಿದರ್ಶನಗಳಿವೆ.

2. ಡಿಸೆಂಬರ್ 2023ರಲ್ಲಿ ಈ ವಿಭಾಗಕ್ಕೆ ಹೊಸದಾಗಿ ಬಂದ, ಕೆಳಗೆ ಸಹಿ ಮಾಡಿರುವ ಅಧಿಕಾರಿಯವರು ಸದರಿ ವರ್ಣನೆಯನ್ನು ಬಾಗಿಲ ಬಳಿ ನಿಂತು ಕೇಳಿ, ಎರಡು ದಿನ ಎಲ್ಲರೂ ಕೂಡಿ ಹೋಗಿಬರೋಣ, ಗುಮ್ಮಟವನ್ನೂ ನೋಡೋಣ, ಅಲ್ಲಿನ ರೊಟ್ಟಿಯನ್ನೂ ಉಣ್ಣೋಣ ಎಂದು ಪ್ರಸ್ತಾಪಿಸಿದರು. ಸಭೆಯು ಒಮ್ಮತದಿಂದ ಶ್ರೀ ಗಂಗಪ್ಪ ಇವರನ್ನು ಸಂಚಾಲಕರನ್ನಾಗಿ ನೇಮಿಸಿತು. ಆ ವೇಳೆ ಸದರಿಯವರ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತದ್ದನ್ನು ಯಾರೂ ಗಮನಿಸಿರುವುದಿಲ್ಲ. ಗಮನಿಸಬೇಕಾಗಿತ್ತು.

3. ಯಾಕೆಂದರೆ ಶ್ರೀ ಗಂಗಪ್ಪ ಇವರು ವಿಜಯಪುರವನ್ನು ನೋಡಿರುವುದಿಲ್ಲ.

ಉಲ್ಲೇಖ (3)ರ ಮೊದಲ ಹಾಳೆಯ ಪ್ರಕಾರ, ಸದರಿಯವರು ಆರನೆಯ ತರಗತಿಯಲ್ಲಿದ್ದಾಗ ಶಾಲೆಯಿಂದ ವಿಜಯಪುರಕ್ಕೆ ಪ್ರವಾಸ ಹೋಗಿತ್ತು. ಹೊರಡುವ ಹಿಂದಿನ ದಿನ ಇವರಿಗೆ ಮಂಗನಬಾವು ಬಂದು ಎರಡೂ ಗಲ್ಲ ಬಾತವು. ಅವ್ವ ಕುತ್ತಿಗೆಗೆ ಟವೆಲ್ ಸುತ್ತಿ ಮನೆಯಲ್ಲಿ ಮಲಗಿಸಿದಳು. ಹೋಗಿಬಂದ ಗೆಳೆಯರು ಒಂದು ತಿಂಗಳ ಕಾಲ ಕಿಟಕಿಯಲ್ಲೂ ಹೊಲದ ಬದುವಿನಲ್ಲೂ ಕೂತು ಮೆಟ್ಟಿಲು ಮೆಟ್ಟಿಲಾಗಿ ಎಲ್ಲವನ್ನೂ ಇವರಿಗೆ ಹೇಳಿದರು. ಹೈಸ್ಕೂಲಿಗೆ ಬೇರೆ ಊರಿಗೆ ಹೋದಾಗ ಇವರು ಅದನ್ನು ಅಲ್ಲಿನ ಹುಡುಗರಿಗೆ ಹೇಳಿದರು. ನೀನು ಹೋಗಿದ್ದೆಯಾ ಎಂದು ಯಾರೋ ಕೇಳಿದಾಗ ಹೂಂ ಎಂದರು. ಆ ಒಂದು ಹೂಂ ಅನ್ನು ಹಿಂದಕ್ಕೆ ಪಡೆಯಲು ಮೂವತ್ತಾರು ವರ್ಷದಲ್ಲಿ ಸೂಕ್ತ ಸಂದರ್ಭ ಒದಗಿಬಂದಿರುವುದಿಲ್ಲ.

4. ಸಿಕ್ಕಿಬೀಳುವ ಅಂಜಿಕೆಯಿಂದ ಸದರಿಯವರು ಪ್ರವಾಸವನ್ನು ಮುಂದೂಡುವ ಸಲುವಾಗಿಯೇ ಹನ್ನೊಂದು ಸೂಚನೆಗಳನ್ನು ಹೊರಡಿಸಿದರೆಂಬುದು ಈಗ ತಿಳಿದುಬಂದಿದೆ. ಕಚೇರಿಯು ಅವುಗಳನ್ನು ದಕ್ಷತೆ ಎಂದು ಭಾವಿಸಿತ್ತು. ಕೆಲವನ್ನು ಮಾತ್ರ ಇಲ್ಲಿ ಉದ್ಧರಿಸಲಾಗಿದೆ:

ಸೂಚನೆ 2: ಗಾಡಿಯಲ್ಲಿ ವಾಂತಿ ಬರುವುದಿಲ್ಲವೆಂದು ಪ್ರತಿಯೊಬ್ಬರೂ ಮೂರು ಪ್ರತಿಗಳಲ್ಲಿ ಮುಚ್ಚಳಿಕೆ ಬರೆದುಕೊಡತಕ್ಕದ್ದು. ಬಂದಲ್ಲಿ ಯಾವ ಕಿಟಕಿಯಿಂದ ಎಂಬುದನ್ನು ಮೊದಲೇ ನಮೂದಿಸತಕ್ಕದ್ದು.

ಸೂಚನೆ 5: ರೊಟ್ಟಿ ಖಡಕ್ ಬೇಕೋ ಮೆತ್ತಗಿನದು ಬೇಕೋ ಎಂಬುದನ್ನು ನಿಗದಿತ ನಮೂನೆಯಲ್ಲಿ ಭರ್ತಿ ಮಾಡುವುದು. ಖಾಲಿ ಬಿಟ್ಟವರನ್ನು ಖಡಕ್ ಎಂದೇ ಪರಿಗಣಿಸಲಾಗುವುದು. ಹಲ್ಲು ಕಟ್ಟಿಸಿಕೊಂಡವರು ವೈದ್ಯರ ಶಿಫಾರಸು ಲಗತ್ತಿಸುವುದು.

ಸೂಚನೆ 9: ಗುಮ್ಮಟದೊಳಗೆ ಒಮ್ಮೆ ಕೂಗಿದ್ದು ಏಳು ಸಲ ಕೇಳುವುದರಿಂದ, ಪ್ರತಿಯೊಬ್ಬರೂ ತಾವು ಕೂಗಲಿರುವ ಮಾತನ್ನು ಮೊದಲೇ ಲಿಖಿತವಾಗಿ ಸಲ್ಲಿಸಿ, ಅದು ಏಳು ಸಲ ಕೇಳಲು ಯೋಗ್ಯವೆಂದು ಅನುಮೋದನೆ ಪಡೆಯತಕ್ಕದ್ದು. ಒಬ್ಬರು ಕೂಗಿದ್ದನ್ನು ಇನ್ನೊಬ್ಬರು ಕೂಗುವಂತಿಲ್ಲ. ಹರಪನಹಳ್ಳಿ ಶಾಖೆಯು ಸಲ್ಲಿಸಿದ ‘ಬೆಣ್ಣೆ ದೋಸೆ’ ಎಂಬ ಮಾತಿಗೆ ಸ್ಥಳೀಯ ಮಹತ್ವ ಸಾಲದೆಂದು ಎರಡು ಸಲ ಆಕ್ಷೇಪಣೆ ಹಾಕಲಾಯಿತು.

5. ಹನ್ನೊಂದನೆಯ ಸೂಚನೆಯು ಹೊರಬಿದ್ದ ದಿನ ಶ್ರೀಮತಿ ಕರಿಯಕ್ಕ ಇವರು ಚಹಾದ ತಟ್ಟೆಯನ್ನು ಅಧಿಕಾರಿಯವರ ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟು, “ಮೇಡಮ್ಮಾರ, ಇವು ಓದ್ಕೋಂತ ಕುಂತ್ರ ನಾನು ರಿಟೈರ್ ಆಗಿ ಹೊಕ್ಕೀನಿ. ಒಂದ್ ಕ್ರೂಸರ್ ಗಾಡಿ ಹೇಳ್ರಿ. ಹತ್ತತೀವಿ, ಹೋಗ್ತೀವಿ, ಇಳೀತೀವಿ. ಅದಕ್ಕೇನ್ ಅರ್ಜಿ?” ಎಂದು ತಿಳಿಸಿದರು. ಸದರಿ ವರದಿಯನ್ನು ಅಂಗೀಕರಿಸಿ ಫೆಬ್ರುವರಿಯ ಎರಡನೆಯ ಶನಿವಾರಕ್ಕೆ ದಿನ ಗೊತ್ತುಮಾಡಲಾಯಿತು. ಶ್ರೀ ಗಂಗಪ್ಪ ಇವರು ಆ ವಾರವಿಡೀ ಕನ್ನಡಿಯ ಮುಂದೆ ಗಲ್ಲ ಮುಟ್ಟಿ ನೋಡಿಕೊಂಡರು. ಈ ಬಾರಿ ಗಲ್ಲ ಬಾಯಲಿಲ್ಲವಾದ್ದರಿಂದ ರಜೆ ಕೇಳಲು ಕಾರಣ ಸಿಗಲಿಲ್ಲ.

6. ದಿನಾಂಕ 08-02-2025ರ ಬೆಳಗಿನ ಐದು ಗಂಟೆಗೆ ಹದಿಮೂರು ಮಂದಿ ಕೂಡ್ಲಿಗಿಯಿಂದ ಹೊರಟರು. ದಾವಣಗೆರೆಗೆ ಹೋಗಿ ದೋಸೆ ತಿಂದು ಹೋಗೋಣವೆಂಬ ಹರಪನಹಳ್ಳಿ ಶಾಖೆಯ ಕೋರಿಕೆಯನ್ನು, ವಿಜಯಪುರಕ್ಕೆ ಬೆನ್ನು ಮಾಡಿದರೆ ಮಾತ್ರ ಆ ಊರು ಸಿಗುವುದರಿಂದ, ತಿರಸ್ಕರಿಸಲಾಯಿತು. ಹೊಸಪೇಟೆ ದಾಟಿ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿಂದ ಮೇಲೆ ಅಸಮಾಧಾನ ಶಮನಗೊಂಡಿತು. ದಾರಿಯುದ್ದಕ್ಕೂ ಎಲ್ಲರೂ ಶ್ರೀ ಗಂಗಪ್ಪ ಇವರನ್ನು ಇದು ಯಾವ ಊರು, ಅದು ಯಾವ ಗುಡ್ಡ ಎಂದು ಕೇಳುತ್ತಿದ್ದರು. ಸದರಿಯವರು ನಿದ್ದೆ ಬಂದವರಂತೆ ಕಣ್ಣು ಮುಚ್ಚಿದ್ದರು. ಮುಚ್ಚಿದ ರೆಪ್ಪೆ ಅದುರುತ್ತಿತ್ತೆಂದು ಉಲ್ಲೇಖ (2)ರಲ್ಲಿ ಇದೆ.

7. ಊಟದ ಹೊತ್ತಿಗೆ ಪ್ರಕರಣವು ಬಿಗಡಾಯಿಸಿತು. “ಗುಂಬಜಿನ ಹಿಂದ ಎಡಕ್ಕ ಒಂದ್ ಖಾನಾವಳಿ ಐತಿ, ಅಲ್ಲಿ ಉಂಡ್ರ ಉಂಡಂಗ” ಎಂದು ಸದರಿಯವರು ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದಿದ್ದರು. ಹನ್ನೊಂದು ವರ್ಷದ ಹುಡುಗರು ಖಾನಾವಳಿಯ ಬಗ್ಗೆ ಏನೂ ಹೇಳಿರದ ಕಾರಣ, ಆ ಭಾಗವನ್ನು ಇವರೇ ಸ್ವಂತವಾಗಿ ಸೇರಿಸಿದ್ದರು. ಗಾಡಿ ಹಿಂದಕ್ಕೂ ಎಡಕ್ಕೂ ಹೋಯಿತು. ಮತ್ತೆ ಹೋಯಿತು. ಕೂಡ್ಲಿಗಿ ಶಾಖೆಯ ಚಾಲಕ ಬೀರಲಿಂಗೇಶ್, “ಸರ, ಈ ಪೆಟ್ರೋಲ್ ಬಂಕಿನಾಂವ ಮೂರನೇ ಸಲ ನಮಗ ಕೈ ಎತ್ತಿದ. ಪರಿಚಯ ಆದಂಗಾತು” ಎಂದ. ಶ್ರೀ ಗಂಗಪ್ಪ ಇವರು ಹಣೆ ಒರೆಸಿಕೊಂಡು, “ಊರು ಭಾಳ ಬದಲಾಗೇತಿ” ಎಂದರು.

ಕೊನೆಗೆ ಹಸಿವು ತಾಳದೆ ಒಂದು ಓಣಿಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದ ಕಡೆ ಗಾಡಿ ನಿಲ್ಲಿಸಲಾಯಿತು. ಅದೂ ಖಾನಾವಳಿಯೇ ಆಗಿತ್ತು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕೊನೆಗೆ ಶೇಂಗಾ ಹೋಳಿಗೆ. ಹದಿಮೂರು ಮಂದಿ ಅರ್ಧ ತಾಸಿನಲ್ಲಿ ಎರಡು ಬುಟ್ಟಿ ರೊಟ್ಟಿ ಖಾಲಿ ಮಾಡಿದರು. ಐದನೆಯ ಸೂಚನೆಯ ನಮೂನೆಯು ಯಾರಿಗೂ ನೆನಪಾಗಲಿಲ್ಲ. ಆಗ, ಹೇಳಿದ ಖಾನಾವಳಿ ಇದೇ ಎಂದು ತಿಳಿದ ಹಡಗಲಿ ಶಾಖೆಯವರೊಬ್ಬರು ಸಂತೋಷದಿಂದ, “ನಮ್ ಗಂಗಪ್ಪಾರು ಸಣ್ಣಾರಿದ್ದಾಗ ಇಲ್ಲೇ ಉಂಡಾರಂತ ನೋಡ್ರಿ” ಎಂದು ಖಾನಾವಳಿಯ ಒಡತಿಗೆ ತಿಳಿಸಿದರು. ಆ ತಾಯಿ ಮುಖ ದಿಟ್ಟಿಸಿ ನೋಡಿ, “ಎಲ್ಲೀದ್ರಿ? ನಾವು ಶುರು ಮಾಡಿ ಎರಡ್ ವರ್ಷ ಆತು” ಎಂದರು.

ಎಲ್ಲರೂ ಶ್ರೀ ಗಂಗಪ್ಪ ಇವರ ಕಡೆ ತಿರುಗಿದರು. ಸದರಿಯವರಿಗೆ ಕೆಮ್ಮು ಹತ್ತಿತು. ಶ್ರೀಮತಿ ಕರಿಯಕ್ಕ ಇವರು ನೀರಿನ ಲೋಟವನ್ನು ಇವರ ಮುಂದೆ ತಳ್ಳಿ, “ಉಣ್ಣಾಗ ಮಾತಾಡಸಬಾರದ್ರಿ, ನೆತ್ತಿಗೇರತೈತಿ” ಎಂದು ಆ ವಿಷಯವನ್ನು ಮುಕ್ತಾಯಗೊಳಿಸಿದರು. ಕರಿಯಕ್ಕನವರಿಗೆ ಆಗಲೇ ಗುಟ್ಟು ಗೊತ್ತಾಗಿತ್ತೆಂದು ಶ್ರೀ ಗಂಗಪ್ಪ ಇವರು ಮೂರನೆಯ ಹಾಳೆಯಲ್ಲಿ ಬರೆದಿದ್ದಾರೆ. ಆ ದಿನ ಉಳಿದ ಹೊತ್ತೆಲ್ಲ ಸದರಿಯವರು ಬಾರಾಕಮಾನನ್ನಾಗಲಿ, ಇಬ್ರಾಹಿಂ ರೋಜಾವನ್ನಾಗಲಿ ನೋಡದೆ, ಕರಿಯಕ್ಕನವರ ಮುಖವನ್ನೇ ನೋಡಿಕೊಂಡು ತಿರುಗಿದರು.

8. ಮರುದಿನ ಬೆಳಿಗ್ಗೆ, ಬಾಗಿಲು ತೆರೆದ ಕೂಡಲೇ, ಗೋಳಗುಮ್ಮಟ. ಬೇರೆ ಜನ ಇನ್ನೂ ಬಂದಿರಲಿಲ್ಲ. ಮೆಟ್ಟಿಲು ಕಡಿದು, ಸುರುಳಿ. ಮೊಣಕಾಲಿನ ನೋವಿನ ನೆಪ ಹೇಳಿ ಶ್ರೀ ಗಂಗಪ್ಪ ಇವರು ಹಿಂದೆ ಉಳಿದರು. ಉಳಿದ ಹನ್ನೆರಡು ಮಂದಿ ಮೇಲೆ ಹೋಗಿ, ಗುಮ್ಮಟದ ಒಳಸುತ್ತಿನ ಜಗಲಿಯಲ್ಲಿ ನಡೆದು, ಆ ಬದಿಗೆ ಹೋಗಿ ಗೋಡೆಗೆ ಕಿವಿ ಕೊಟ್ಟು ಕೂತರು. ಸದ್ದು ಮಾಡಬೇಡಿರೆಂದು ಕರಿಯಕ್ಕ ಇವರು ಕೈಸನ್ನೆ ಮಾಡಿದ್ದರು.

ಸದರಿಯವರು ಏದುಸಿರು ಬಿಡುತ್ತ ಬಾಗಿಲಿನಿಂದ ಜಗಲಿಗೆ ಬಂದು ನಿಂತರು. ಆ ಬದಿಯ ಮಬ್ಬಿನಲ್ಲಿ ಕೂತವರು ಇವರಿಗೆ ಕಾಣಲಿಲ್ಲ. ಎಲ್ಲರೂ ನೋಡಿ ಕೆಳಗಿಳಿದರೆಂದು ತಿಳಿದರು. ಮೇಲೆ ನೋಡಿದರು. ಕೆಳಗೆ ಬಗ್ಗಿ ನೋಡಿದರು. ಕೇಳಿದ್ದಕ್ಕಿಂತ ಅದು ದೊಡ್ಡದಿತ್ತು. ತಂಪಾದ ಗೋಡೆಗೆ ಗಲ್ಲ ಹಚ್ಚಿ, ಬಹಳ ಸಣ್ಣ ದನಿಯಲ್ಲಿ ಹೀಗೆ ಹೇಳಿದರು:

“ಲೇ, ನಾನೂ ಬಂದ್ನೆಲೇ. ನೀವು ಹೇಳಿದಂಗ ಐತಿ. ಒಂದೂ ಸುಳ್ ಹೇಳಿಲ್ಲ ನೀವು.”

ಆರನೆಯ ತರಗತಿಯ ಗೆಳೆಯರಿಗೆ ಹೇಳಿದ ಮಾತು ಐದು ಶಾಖೆಗಳ ಹನ್ನೆರಡು ನೌಕರರ ಕಿವಿಗೆ ಸ್ಪಷ್ಟವಾಗಿ ತಲುಪಿತು. ಹರಪನಹಳ್ಳಿ ಶಾಖೆಯು ಕೂಗಲೆಂದು ತೆರೆದಿದ್ದ ಬಾಯನ್ನು ಮುಚ್ಚಿಕೊಂಡಿತು. ಶ್ರೀಮತಿ ಕರಿಯಕ್ಕ ಇವರು ಗೋಡೆಗೆ ಬಾಯಿ ಹಚ್ಚಿ, “ತಡ ಆದ್ರೂ ಬಂದ್ರಲ್ಲ ಗಂಗಪ್ಪಾರ. ಬರ್ರಿ, ಈ ಕಡಿ ಕುಂದರಬರ್ರಿ” ಎಂದರು. ಗೋಡೆಯೇ ಮಾತಾಡಿತೆಂದು ಸದರಿಯವರು ಕುಸಿದು ಕೂತರು. ಬೀರಲಿಂಗೇಶ್ ಓಡಿಹೋಗಿ ಎಬ್ಬಿಸಿಕೊಂಡು ಬರಬೇಕಾಯಿತು.

9. ಎಲ್ಲರೆದುರು ತಲೆ ತಗ್ಗಿಸಿ ನಿಂತ ಇವರನ್ನು ನೋಡಿ ಯಾರೂ ನಗಲಿಲ್ಲವೆಂಬುದನ್ನು ವಿಶೇಷವಾಗಿ ದಾಖಲಿಸಲಾಗಿದೆ. ಕರಿಯಕ್ಕ ಇವರು ಸೆರಗಿನ ಗಂಟಿನಿಂದ ಒಣದ್ರಾಕ್ಷಿ ತೆಗೆದುಕೊಟ್ಟು, “ಈಗ ಹೇಳ್ರಿ ಮತ್ತ, ಮೊದಲಿಂದ. ಬುತ್ತಿ ಬಿಚ್ಚಿದಾಗ ಹೇಳ್ತಿದ್ರೆಲ್ಲ, ಹಂಗ” ಎಂದರು. ಸದರಿಯವರು ಮೊದಲು ತಡವರಿಸಿ, ಆಮೇಲೆ ಸರಾಗವಾಗಿ, ಇಡೀ ವರ್ಣನೆಯನ್ನು ಹೇಳಿದರು. ಈ ಸಲ ಕೈಮಾಡಿ ತೋರಿಸಿ ಹೇಳಿದರು. ಖಾನಾವಳಿಯ ಭಾಗ ಬಿಟ್ಟರೆ ಒಂದು ಮಾತನ್ನೂ ಬದಲಿಸುವ ಅಗತ್ಯ ಬೀಳಲಿಲ್ಲ. ಅದಾದ ಮೇಲೆ ಹರಪನಹಳ್ಳಿ ಶಾಖೆಯು ತನ್ನ ‘ಬೆಣ್ಣೆ ದೋಸೆ’ ಮಾತನ್ನು ಅನುಮೋದನೆಯಿಲ್ಲದೆ ಕೂಗಿತು. ಅದು ಏಳು ಸಲ ಕೇಳಿಬಂದಿದ್ದು, ಎಂಟನೆಯ ಸಲ ಕೂಗಿದ್ದು ಗುಮ್ಮಟವಲ್ಲ, ಕೆಳಗೆ ಸಹಿ ಮಾಡಿರುವ ಅಧಿಕಾರಿಯವರು.

10. ಮೇಲಿನ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಆಡಳಿತಾತ್ಮಕ ಹಿತದೃಷ್ಟಿಯಿಂದ ಈ ಮೂಲಕ ಸೂಚಿಸಿರುವುದೇನೆಂದರೆ:

(ಅ) ಪ್ರವಾಸ ಸೂಚನೆ 1ರಿಂದ 11ನ್ನು ಹಿಂಪಡೆಯಲಾಗಿದೆ. ಸಲ್ಲಿಸಿದ ಮುಚ್ಚಳಿಕೆಗಳನ್ನು ಮಿರ್ಚಿ ಕಟ್ಟಲು ಬಳಸಿಕೊಳ್ಳಬಹುದು.

(ಆ) ಎರಡು ದಿನದ ಪ್ರವಾಸಕ್ಕೆ ನಾಲ್ಕು ದಿನಕ್ಕಿಂತ ಹೆಚ್ಚು ಯೋಜನೆ ಹಾಕತಕ್ಕದ್ದಲ್ಲ. ಐದನೆಯ ದಿನವೂ ಯೋಜನೆ ಹಾಕುತ್ತಿರುವವರನ್ನು ಇದ್ದ ಸ್ಥಿತಿಯಲ್ಲೇ ಗಾಡಿಗೆ ಹತ್ತಿಸತಕ್ಕದ್ದು.

(ಇ) ನೋಡದ ಊರನ್ನು ವರ್ಣಿಸಲು ನೌಕರರಿಗೆ ಅವಕಾಶವಿರುತ್ತದೆ. ಆದರೆ ನೋಡಿದವರಿಗಿಂತ ಚೆನ್ನಾಗಿ ವರ್ಣಿಸತಕ್ಕದ್ದು.

(ಈ) ನೋಡದೆಯೇ ನೋಡಿದ್ದೇನೆಂದು ಹೇಳಿಕೊಂಡ ಒಂದು ಸ್ಥಳದ ಹೆಸರನ್ನು ಪ್ರತಿ ನೌಕರರೂ ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸತಕ್ಕದ್ದು. ಇದರಂತೆ ಹದಿಮೂರು ಮಂದಿಯಿಂದ ಹದಿಮೂರು ಲಕೋಟೆಗಳು ಈಗಾಗಲೇ ಬಂದಿರುತ್ತವೆ. ಕೆಳಗೆ ಸಹಿ ಮಾಡಿರುವವರು ಹೊಳಲಿನ ಅನಂತಶಯನ ಗುಡಿಯನ್ನು ನೋಡಿದ್ದಾಗಿ ಹೇಳಿಕೊಂಡಿದ್ದು, ಬಸ್ಸಿನ ಕಿಟಕಿಯಿಂದ ಊರಿನ ಬೋರ್ಡನ್ನು ಮಾತ್ರ ನೋಡಿರುತ್ತಾರೆ. ಶ್ರೀಮತಿ ಕರಿಯಕ್ಕ ಇವರು ಸ್ವಂತ ಊರಾದ ಕೋಗಳಿಯ ಜೈನ ಬಸದಿಯ ಸುತ್ತ ಕುರಿ ಕಾಯುತ್ತ ಬಾಲ್ಯವೆಲ್ಲ ಕಳೆದಿದ್ದರೂ ಒಳಗೆ ಹೋಗಿರುವುದಿಲ್ಲ. ಕಾರಣದ ಅಂಕಣದಲ್ಲಿ, “ಕುರಿ ಹೊರಗ ಬಿಟ್ಟು ಒಳಗ ಹೆಂಗ ಹೋಗ್ಲಿ?” ಎಂದು ನಮೂದಿಸಿದ್ದಾರೆ. ಸದರಿ ಕಾರಣವನ್ನು ಒಪ್ಪಲಾಗಿದೆ.

11. ಶ್ರೀ ಗಂಗಪ್ಪ ಇವರು ಇಂದು ಕಚೇರಿಗೆ ಹಾಜರಾಗಿರುವುದಿಲ್ಲ. ಇವರ ರಜೆ ಅರ್ಜಿಯು ಬಸ್ ನಿಲ್ದಾಣದಿಂದ ಬೆಳಿಗ್ಗೆ ಆರು ಗಂಟೆಗೆ ಮೊಬೈಲಿಗೆ ಬಂದಿದ್ದು, ಅದರ ಒಕ್ಕಣೆ ಹೀಗಿದೆ: “ಮದುವೆಯಾದಾಗಿನಿಂದ ನಮ್ಮ ಮನೆಯವರು ವಿಜಯಪುರ ತೋರಿಸ್ರಿ ಅಂತಿದ್ದರು. ನಾ ನೋಡೀನಲ್ಲ, ಮತ್ಯಾಕ ಅಂತಿದ್ದೆ. ಈಗ ಕರೆದುಕೊಂಡು ಹೊರಟಿದ್ದೇನೆ. ಇದ್ದದ್ದನ್ನು ದಾರಿಯಲ್ಲಿ ಹೇಳುವವನಿದ್ದೇನೆ. ಹೊಸಪೇಟೆ ದಾಟಿದ ಮೇಲೆ. ಒಂದು ದಿನ ರಜೆ ಕೊಡಬೇಕು.”

ಆ ಮಾತು ಹೇಳುವುದಕ್ಕೂ, ಆಮೇಲೆ ಸುಧಾರಿಸಿಕೊಳ್ಳುವುದಕ್ಕೂ ಒಂದು ದಿನ ಸಾಲದಾದ್ದರಿಂದ, ಮೂರು ದಿನ ಮಂಜೂರು ಮಾಡಿದೆ.

ಸಹಿ/-
(ಶಾಂಭವಿ)
ವಿಭಾಗಾಧಿಕಾರಿ, ಕೊಟ್ಟೂರು

ಪ್ರತಿಗಳು:
1. ಐದೂ ಶಾಖೆಗಳ ಸೂಚನಾ ಫಲಕಕ್ಕೆ. ಮೇಲೆ ಕ್ಯಾಲೆಂಡರ್ ತೂಗು ಹಾಕಬಾರದು.
2. ಹರಪನಹಳ್ಳಿ ಶಾಖೆಗೆ, ಇನ್ನೊಂದು ಹೆಚ್ಚುವರಿ ಪ್ರತಿ, ಎಚ್ಚರಿಕೆಗಾಗಿ.
3. ಶ್ರೀಮತಿ ಕರಿಯಕ್ಕ ಇವರಿಗೆ. ಬಸದಿಗೆ ಹೋಗುವ ದಿನ ಕುರಿ ಕಾಯಲು ಹಡಗಲಿ ಶಾಖೆಯವರನ್ನು ನಿಯೋಜಿಸಲಾಗಿದೆ.
4. ಕಚೇರಿ ಕಡತಕ್ಕೆ.
5. ಶ್ರೀಮತಿ ಶೈಲಾ ಗಂಗಪ್ಪ ಇವರಿಗೆ, ಮಾಹಿತಿಗಾಗಿ. ಈ ಪ್ರತಿಯನ್ನು ಅವರು ಊರಿಗೆ ಮರಳಿದ ಮೇಲೆ, ಊಟವಾದ ನಂತರ, ನಗುಮುಖದಲ್ಲಿದ್ದರೆ ಮಾತ್ರ ಕೊಡತಕ್ಕದ್ದು.