ನಮ್ಮ ಷಡ್ಡಕರ ಖಾಲಿ ಕಾಲಂ

ಸಾಲ ಮಾಡಿ ಕೆಟ್ಟವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಸಾಲ ಕೊಟ್ಟು ಕೆಟ್ಟವರೂ ಊರಿಗೆ ನಾಲ್ಕು ಜನ ಸಿಗುತ್ತಾರೆ. ಆದರೆ ತಾನು ಸಾಲ ಮಾಡದೆ, ಯಾರಿಗೂ ಕೊಡದೆ, ಬರೀ ಒಂದು ಅಡಕತ್ತರಿ ಹಿಡಿದುಕೊಂಡು ಕೂತಲ್ಲೇ ಇನ್ನೊಬ್ಬನಿಗೆ ಬರಬೇಕಾದ ಸಾಲವನ್ನು ಕತ್ತರಿಸಿ ಹಾಕಿದ ಮಹಾಪುರುಷನನ್ನು ನೋಡಿದ್ದೀರಾ? ನೋಡಬೇಕಾದರೆ ಕಡೂರಿನಲ್ಲಿ ಅಜ್ಜಂಪುರದ ಬಸ್ಸು ಹತ್ತಿ. ಅವರು ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಆ 'ಇನ್ನೊಬ್ಬ' ಯಾರು ಎಂದು ಕೇಳಬೇಡಿ. ಅವನೇ ಇದನ್ನು ಬರೆಯುತ್ತಿದ್ದಾನೆ!

ಷಡ್ಡಕರಿಗೆ ತೆಂಗಿನ ತೋಟವಿದೆ, ಒಂದಿಷ್ಟು ಬೆದ್ದಲು ಜಮೀನಿದೆ, ಆರೋಗ್ಯ ಚೆನ್ನಾಗಿದೆ. ಇರುವ ಕಾಯಿಲೆ ಒಂದೇ, ಪಹಣಿ ಓದುವುದು. ಜನ ಬೆಳಿಗ್ಗೆ ಎದ್ದು ಪೇಪರ್ ಓದಿದರೆ ಇವರು ಪಹಣಿ ಓದುತ್ತಾರೆ. ತಮ್ಮದು ಓದಿ ಮುಗಿದರೆ ಪಕ್ಕದವರದ್ದು. ಯಾರ ಮನೆಗೆ ಹೋದರೂ ನೀರು ಕುಡಿದು ಲೋಟ ಇಡುವಷ್ಟರಲ್ಲಿ "ಎಲ್ಲಿ, ಪಹಣಿ ತೆಗಿ ನೋಡಾಣ" ಎನ್ನುತ್ತಾರೆ. ಜಮೀನಿನ ವಿಸ್ತೀರ್ಣ ನೋಡುವುದಿಲ್ಲ, ಬೆಳೆ ನೋಡುವುದಿಲ್ಲ, ಕೊನೆಗೆ ಮಾಲೀಕ ಯಾರು ಎಂದೂ ನೋಡುವುದಿಲ್ಲ. ಬೆರಳು ನೇರವಾಗಿ ಋಣದ ಕಾಲಮ್ಮಿಗೆ ಹೋಗುತ್ತದೆ. ಆ ಜಮೀನಿನ ಮೇಲೆ ಸಾಲವಿದ್ದರೆ ಬರೆಯುವ ಜಾಗ ಅದು. ಅಲ್ಲಿ ಏನಾದರೂ ಬರೆದಿದ್ದರೆ, ಹಾಲಿನಲ್ಲಿ ನೊಣ ಕಂಡವರ ಹಾಗೆ ಮುಖ ಮಾಡುತ್ತಾರೆ. ಖಾಲಿ ಇದ್ದರೆ ಆ ಮನೆಯಲ್ಲಿ ಊಟ ಮಾಡಿಯೇ ಏಳುತ್ತಾರೆ.

ಇದು ಬರೀ ಜಮೀನಿಗೆ ನಿಂತಿದ್ದರೆ ಹೇಗೋ ಸಹಿಸಬಹುದಿತ್ತು. ಮನುಷ್ಯರನ್ನೂ ಅದೇ ತಕ್ಕಡಿಯಲ್ಲಿ ತೂಗುವುದೇ? ಅವರ ಬೀದಿಯ ಮುದುಕರೊಬ್ಬರು ತೀರಿಹೋದಾಗ, ಹೆಣದ ಮುಂದೆ ಎಲ್ಲರೂ ಅಳುತ್ತಿದ್ದರೆ ಇವರು ಟವೆಲ್ಲು ಕೊಡವಿಕೊಂಡು, ಪುಣ್ಯವಂತ ಕಣ್ರೀ, ಕಾಲಂ ಖಾಲಿ ಮಾಡ್ಕೊಂಡು ಹೋದ ಎಂದರಂತೆ. ಮುದುಕರ ಮಗ ಅಳು ನಿಲ್ಲಿಸಿ ಇವರ ಮುಖ ನೋಡಿದನಂತೆ!

ನನಗೆ ಹೆಣ್ಣು ಕೊಡುವಾಗ ವಿಚಾರಿಸಲು ಬಂದವರೂ ಇವರೇ. ಮನೆಗೆ ಬರಲಿಲ್ಲ, ನೇರವಾಗಿ ಕಡೂರಿನ ನನ್ನ ಅಂಗಡಿಗೆ ಬಂದರು. ನನ್ನದು ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತಾಮ್ರದ ತಂತಿ ಹಿಡಿದವನು, ಇವತ್ತಿಗೂ ಬಿಟ್ಟಿಲ್ಲ. ಸುತ್ತಮುತ್ತ ಯಾವ ತೋಟದಲ್ಲಿ ನೀರು ಬಂದರೂ ಅದರಲ್ಲಿ ನನ್ನದೊಂದು ಸುತ್ತು ತಂತಿ ಇರುತ್ತದೆ ಎಂದು ನಾನು ಹೇಳುವುದುಂಟು. ಜಂಬ ಅನ್ನಿ, ಪರವಾಗಿಲ್ಲ. ಷಡ್ಡಕರು ಬಂದು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತು ಎಷ್ಟು ಎಕರೆ ಎಂದು ಕೇಳಿದರು. ಒಂದು ಗುಂಟೆಯೂ ಇಲ್ಲ ಎಂದೆ. ಅಂಗಡಿ ಸ್ವಂತದ್ದಾ ಎಂದರು. ಬಾಡಿಗೆ ಎಂದೆ. ಸಾಲ ಎಷ್ಟಿದೆ ಎಂದರು. ನಾನು ತಂತಿ ಸುತ್ತುವುದು ನಿಲ್ಲಿಸದೆ, "ನಮ್ಮಪ್ಪನಾಣೆ ಒಂದು ಪೈಸೆ ಇಲ್ಲ" ಎಂದೆ.

ಎದ್ದು ಹೋದರು. ಮಾವನವರಿಗೆ ವರದಿ ಕೊಟ್ಟಿದ್ದು ಇಷ್ಟೇ: "ಹುಡುಗನ ಋಣದ ಕಾಲಂ ಖಾಲಿ ಐತೆ. ಕೊಡಬೌದು."

ಮದುವೆಯಾಯಿತು. ನನ್ನನ್ನು ಖರಾಬು ಜಮೀನಿನಂತೆ ನೋಡಿ ಪಾಸು ಮಾಡಿದ ಸಿಟ್ಟು ಮಾತ್ರ ಹೋಗಲಿಲ್ಲ. ಸೇಡು ತೀರಿಸಿಕೊಳ್ಳಲು ಒಂದು ಅವಕಾಶಕ್ಕೆ ಕಾದೆ. ಅದು ಬೀರೂರು ರೈಲ್ವೆ ಸ್ಟೇಷನ್ನಿನ ಹೊರಗೆ ಸಿಕ್ಕಿತು.

ಅಲ್ಲಿ ಟೈ ಕಟ್ಟಿಕೊಂಡ ಹುಡುಗರು ಮೇಜು ಹಾಕಿಕೊಂಡು ಕ್ರೆಡಿಟ್ ಕಾರ್ಡ್ ಮಾರುತ್ತಿದ್ದರು. ಕಾರ್ಡು ತಗೊಂಡರೆ ಛತ್ರಿ ಪುಕ್ಕಟೆ. ಸಾಲವೆಂದರೆ ಮಾರು ದೂರ ಹಾರುವ ನಮ್ಮ ಷಡ್ಡಕರು ಛತ್ರಿ ನೋಡಿ ಅಲ್ಲೇ ನಿಂತರು! ಅವರು ಕಂಡುಕೊಂಡಿದ್ದು ಏನೆಂದರೆ, ಕಾರ್ಡು ಇಟ್ಟುಕೊಂಡರೆ ಸಾಲವಲ್ಲ, ಉಜ್ಜಿದರೆ ಸಾಲ. ಉಜ್ಜದಿದ್ದರೆ ಛತ್ರಿ ಲಾಭ. ಆಮೇಲೆ ಎಲ್ಲೆಲ್ಲಿ ಮೇಜು ಕಂಡಿತೋ ಅಲ್ಲೆಲ್ಲ ಸಹಿ ಹಾಕಿದರು. ಒಂದಕ್ಕೆ ಬ್ಯಾಗು ಬಂತು, ಒಂದಕ್ಕೆ ಸ್ಟೀಲ್ ಬಾಟಲಿ ಬಂತು, ಮತ್ತೆರಡಕ್ಕೆ ಮತ್ತೆರಡು ಛತ್ರಿ ಬಂದವು. ಅಜ್ಜಂಪುರದ ನಾಲ್ಕು ಹನಿ ಮಳೆಗೆ ಮೂರು ಛತ್ರಿ! ಅವಕ್ಕೆ ಕೆಲಸ ಕೊಡಲೆಂದೇ ಮಳೆಗಾಲದಲ್ಲಿ ನಮ್ಮನ್ನೆಲ್ಲ ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೋದರು. ಅಲ್ಲಿನ ಗಾಳಿಗೆ ಮೂರೂ ಛತ್ರಿ ಒಂದೇ ಸಲ ಮೇಲ್ಮುಖವಾಗಿ ಅರಳಿದವು. ಅಣ್ಣಾ, ಇವುಗಳ ಕಾಲಂ ಖಾಲಿಯಾಯ್ತಲ್ಲ ಎಂದೆ. ಜೀಪಿನಲ್ಲಿ ಕೂತವರೆಲ್ಲ ನಕ್ಕರು. ಷಡ್ಡಕರು ಕಡ್ಡಿಗಳನ್ನು ಒಂದೊಂದಾಗಿ ನೆಟ್ಟಗೆ ಮಾಡುತ್ತಾ ಕೂತರು.

ಕಾರ್ಡುಗಳಲ್ಲಿ ಕಡಿಮೆ ಮಿತಿಯ ಚಿಕ್ಕದೊಂದನ್ನು ಮಾತ್ರ ಅವರು ಬಳಸುತ್ತಿದ್ದರು. ಗಾಡಿಗೆ ಪೆಟ್ರೋಲು, ತೋಟಕ್ಕೆ ಗೊಬ್ಬರ. ಬಿಲ್ಲು ಬಂದ ದಿನವೇ ಪೂರಾ ಕಟ್ಟಿ ಬಂದುಬಿಡುತ್ತಿದ್ದರು, ತಡವಾದರೆ ಕಾಲಂ ಕೊಳೆಯುತ್ತದಂತೆ. ಉಳಿದವು ಟ್ರಂಕಿನಲ್ಲಿ ಮಲಗಿದ್ದವು.

ಹೀಗಿರುವಾಗ ನನ್ನ ಅಂಗಡಿಯ ಮಾಲೀಕರು ತರೀಕೆರೆಯಿಂದ ಬಂದು, ಜಾಗ ಮಾರುತ್ತಿದ್ದೇನೆ, ಯುಗಾದಿಯೊಳಗೆ ನೀನು ಕೊಂಡರೆ ಸರಿ, ಇಲ್ಲದಿದ್ದರೆ ಬೇರೆಯವರಿಗೆ ಎಂದರು. ರಿವೈಂಡಿಂಗ್ ಅಂಗಡಿ ಎಂದರೆ ಟೀ ಗಾಡಿಯೇ, ತಳ್ಳಿಕೊಂಡು ಹೋಗಲು? ಮೋಟಾರು ಕೆಟ್ಟ ರೈತ ಕಣ್ಣು ಮುಚ್ಚಿಕೊಂಡು ಬರುವುದು ಅದೇ ಬಾಗಿಲಿಗೆ. ನನ್ನ ಯೌವನವೆಲ್ಲ ಆ ಗೋಡೆಯ ಮಸಿಯಲ್ಲಿ ಅಂಟಿಕೊಂಡಿದೆ.

ಇದ್ದಷ್ಟು ಕೂಡಿಸಿಕೊಂಡು, ಉಳಿದದ್ದಕ್ಕೆ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹುಟ್ಟಿದಾಗಿನಿಂದ ಒಂದು ಪೈಸೆ ಸಾಲ ಮಾಡಿದವನಲ್ಲ ಎಂದು ಎದೆ ಸೆಟೆಸಿ ಹೇಳಿದೆ. ಆಕೆ ಕಂಪ್ಯೂಟರ್ ನೋಡಿ, "ಅದೇ ತೊಂದರೆ ಸಾರ್. ನೀವು ಸಾಲಾನೇ ಮಾಡಿಲ್ಲ, ಹಂಗಾಗಿ ನಿಮ್ಮ ಬಗ್ಗೆ ಇದರಲ್ಲಿ ಏನೂ ಇಲ್ಲ" ಎಂದರು. ಸಾಲ ತೆಗೆದುಕೊಂಡು ಸರಿಯಾಗಿ ಕಟ್ಟಿದವರಿಗೆ ಸ್ಕೋರ್ ಎಂಬ ನಂಬರು ಬರುತ್ತದಂತೆ. ನನಗೆ ನಂಬರೇ ಇಲ್ಲ. ಅರ್ಧ ತಾಲ್ಲೂಕಿಗೆ ನೀರು ಕುಡಿಸಿದವನು ಆ ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ! ಒಳ್ಳೆಯ ಸ್ಕೋರ್ ಇರುವವರೊಬ್ಬರು ಜಾಮೀನು ನಿಂತರೆ ನೋಡೋಣ ಎಂದರು.

ನಮ್ಮ ಕಡೆ ಅಂಥವರು ಯಾರಿದ್ದಾರೆ? ಹೆಂಡತಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಛತ್ರಿಗೆ ನಕ್ಕ ಬಾಯಲ್ಲಿ ಕೇಳುವುದು ಹೇಗೆ? ಕೊನೆಗೆ ಅವಳೇ ಅಜ್ಜಂಪುರಕ್ಕೆ ಫೋನು ಮಾಡಿದಳು. ಅತ್ತಲಿಂದ ಬಂದಿದ್ದು ಒಂದೇ ಮಾತು, "ಆಗ್ಲಿ."

ಅವರ ಸ್ಕೋರ್ ನೋಡಿ ಮ್ಯಾನೇಜರ್ ಖುಷಿಯಾದರು. ಇಂಥ ಜಾಮೀನುದಾರರು ಸಿಗುವುದು ಅಪರೂಪ ಸಾರ್ ಎಂದು ನನಗೆ ಟೀ ತರಿಸಿದರು. ಮುಂದಿನ ತಿಂಗಳು ಸಹಿ ಎಂದಾಯಿತು.

ಆ ತಿಂಗಳಲ್ಲಿ ಷಡ್ಡಕರು ಮಾಡಿದ ಘನಕಾರ್ಯ ಕೇಳಿ. ಜಾಮೀನು ನಿಲ್ಲುವವನು ಶುದ್ಧವಾಗಿರಬೇಕು ಎಂದು ಅವರಿಗೆ ಜ್ಞಾನೋದಯವಾಯಿತು. ಟ್ರಂಕು ತೆಗೆದು, ಬಳಸದ ಕಾರ್ಡುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡು ಒಂದೊಂದೇ ಬ್ಯಾಂಕಿಗೆ ಫೋನು ಮಾಡಿ ಮುಚ್ಚಿಸಿದರು. ಫೋನಿನ ಹುಡುಗಿ ಯಾಕೆ ಸಾರ್, ನಮ್ಮಿಂದ ಏನಾದರೂ ತಪ್ಪಾಯಿತೇ ಎಂದು ಬೇಡಿಕೊಂಡಳಂತೆ. ವರ್ಷದ ಫೀಸು ಬಿಡುತ್ತೇವೆ ಎಂದಳಂತೆ. ಇವರು, ನಿಂದೇನೂ ತಪ್ಪಿಲ್ಲ ಕಣಮ್ಮ, ನಮ್ಮ ಕಡೆ ಒಂದು ಶುಭಕಾರ್ಯ ಐತೆ ಎಂದರಂತೆ. ಬಾಕಿ ಇಲ್ಲ ಎಂಬ ಪತ್ರಗಳು ಬಂದ ಮೇಲೆ ಜಗಲಿಯಲ್ಲಿ ಕೂತು, ಅಕ್ಕನವರ ಅಡಕತ್ತರಿ ತಗೊಂಡು, ಎಲ್ಲವನ್ನೂ ಅಡಿಕೆ ಹೋಳಿನ ಹಾಗೆ ಕತ್ತರಿಸಿ ತಿಪ್ಪೆಗೆ ಹಾಕಿದರು. ಉಳಿದಿದ್ದು ಆ ಚಿಕ್ಕ ಕಾರ್ಡು ಒಂದೇ. ಅದರಲ್ಲಿ ಅದೇ ತಿಂಗಳು ಅಕ್ಕನವರಿಗೆ ಒಂದು ಫ್ರಿಜ್ಜು ಕೊಂಡಿದ್ದರು.

ಸಹಿಯ ದಿನ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬ್ಯಾಂಕಿಗೆ ಬಂದರು. ಮ್ಯಾನೇಜರ್ ಮತ್ತೊಮ್ಮೆ ಕಂಪ್ಯೂಟರ್ ನೋಡಿದರು. ಸ್ಕೋರ್ ಕೆಳಗೆ ಬಿದ್ದಿತ್ತು.

"ಏನ್ ಮಾಡಿದ್ರಿ ಸಾರ್?"

"ಎಲ್ಲಾ ಕ್ಲೋಸ್ ಮಾಡ್ಸಿದೀನಿ ಮೇಡಂ. ಈಗ ಪೂರಾ ಕ್ಲೀನು."

ಆಕೆ ಹಣೆ ಹಿಡಿದುಕೊಂಡರು. ಆಮೇಲೆ ಮೇಜಿನ ಮೇಲಿದ್ದ ಜಗ್ಗಿನ ತಳದಲ್ಲಿದ್ದ ನೀರನ್ನು ಒಂದು ಲೋಟಕ್ಕೆ ಬಗ್ಗಿಸಿದರು. ಲೋಟ ಅಂಚಿನವರೆಗೂ ತುಂಬಿತು. "ನೀರು ಅಷ್ಟೇ ಸಾರ್. ಜಗ್ಗಿನಲ್ಲಿದ್ದಾಗ ತಳದಲ್ಲಿತ್ತು, ಲೋಟಕ್ಕೆ ಬಂದ್ರೆ ತುಂಬಿ ಹೋಯ್ತು" ಎಂದು ಬಿಡಿಸಿ ಹೇಳಿದರು. ಫ್ರಿಜ್ಜಿನ ಬಾಕಿ ನೀರು, ಉಳಿದ ಚಿಕ್ಕ ಕಾರ್ಡು ಲೋಟ, ಬಳಸದ ಕಾರ್ಡುಗಳ ಮಿತಿಯೆಲ್ಲ ಸೇರಿ ದೊಡ್ಡ ಜಗ್ಗು. ಇಷ್ಟೆಲ್ಲ ಸಿಗುತ್ತಿದ್ದರೂ ಮುಟ್ಟದವನು ಎಂದು ಇವರಿಗೆ ಒಳ್ಳೆಯ ನಂಬರು ಬಂದಿತ್ತು. ಜಗ್ಗು ಒಡೆದು ಹಾಕಿದ ಮೇಲೆ, ಇವರು ಇರುವ ಮಿತಿಯನ್ನೆಲ್ಲ ಬಳಸಿಕೊಂಡು ಕೂತವರ ಹಾಗೆ ಕಾಣುತ್ತಾರೆ. ಸಾಲದ್ದಕ್ಕೆ ಎಲ್ಲಕ್ಕಿಂತ ಹಳೆಯ ಕಾರ್ಡನ್ನೂ ಮುಚ್ಚಿಸಿದ್ದಾರೆ. ಹಳೆಯ ಖಾತೆ ಎಂದರೆ ಹಳೆಯ ಪರಿಚಯ, ಅದಕ್ಕೂ ಬೆಲೆ ಇದೆ.

"ಅಲ್ಲ ಮೇಡಂ, ಪಹಣಿಲಿ ಋಣದ ಕಾಲಂ ಖಾಲಿ ಇದ್ರೆ ತಾನೆ ಬೆಲೆ?" ಎಂದರು ಷಡ್ಡಕರು.

"ನೀವು ಜಮೀನಲ್ಲ ಸಾರ್, ಮನುಷ್ಯರು."

ಈ ಮಾತನ್ನು ಅವರಿಗೆ ಜೀವಮಾನದಲ್ಲಿ ಮೊದಲ ಸಲ ಒಬ್ಬರು ಹೇಳಿದ್ದು! ನಾನು ಹೊರಗೆ ಬಂದು ಬ್ಯಾಂಕಿನ ಮೆಟ್ಟಿಲ ಮೇಲೆ ಬಾಯಿಗೆ ಬಂದದ್ದು ಅಂದೆ. ಛತ್ರಿಯಿಂದ ಹಿಡಿದು ಬಕೆಟ್ಟಿನವರೆಗೆ ಎಲ್ಲವನ್ನೂ ಎತ್ತಿ ಆಡಿದೆ. ಒಂದು ಅಂಗಡಿ ಮುಚ್ಚಿಸಲು ಅಡಕತ್ತರಿ ಸಾಕು ಎಂದು ನಿನ್ನಿಂದ ಕಲಿತೆ ಕಣಣ್ಣ ಎಂದೆ. ಅವರು ಪಂಚೆಯ ಇಸ್ತ್ರಿ ಗೆರೆ ನೋಡುತ್ತಾ ಕೇಳಿಸಿಕೊಂಡರು. ಅಜ್ಜಂಪುರದ ಬಸ್ಸು ಬಂದಾಗ ಹತ್ತದೆ, ತರೀಕೆರೆಯ ಬಸ್ಸು ಹತ್ತಿದರು.

ಅಲ್ಲಿ ಮಾಡಿದ್ದು ಇನ್ನೊಂದು ಅವಾಂತರ. ಅಂಗಡಿ ಮಾಲೀಕರ ಮನೆಗೆ ಹೋಗಿ, ನೀರು ಕುಡಿದು, ಅದೇ ಹಳೆಯ ರಾಗ: ಕಾಗದ ತೆಗೀರಿ ನೋಡಾಣ! ಕೊಳ್ಳುವವನ ಕಡೆಯವರಲ್ಲವೇ, ಮಾಲೀಕರು ತೆಗೆದರು. ಷಡ್ಡಕರ ಬೆರಳು ಎಂದಿನಂತೆ ಋಣದ ಕಡೆ ಹೋಯಿತು. ಜಾಗದ ಮೇಲೆ ಮಾಲೀಕರ ತಂದೆ ಯಾವಾಗಲೋ ಮಾಡಿದ ಸಾಲವೊಂದು ಕೂತಿತ್ತು. ತೀರಿಸಿದ್ದರು, ಆದರೆ ತೀರಿತು ಎಂದು ಯಾರೂ ಬರೆಸಿರಲಿಲ್ಲ. ಮಾಲೀಕರೇ ಬೆಚ್ಚಿದರು. ಅದನ್ನು ತೆಗೆಸದೆ ಯಾರಿಗೂ ಮಾರುವ ಹಾಗಿಲ್ಲ. ಆಫೀಸಿನಿಂದ ಆಫೀಸಿಗೆ ಅವರು ಅಲೆಯುವುದರಲ್ಲಿ ಯುಗಾದಿ ಹೋಯಿತು, ಮಳೆಗಾಲ ಬಂತು, ಗಣಪತಿಯನ್ನೂ ಬಿಟ್ಟಾಯಿತು. ಆ ಹುಚ್ಚು ಬೆರಳಿನಿಂದ ನನ್ನ ಅಂಗಡಿಗೆ ಅಷ್ಟು ಉಸಿರು ಸಿಕ್ಕಿತು.

ಈ ಕಡೆ ಷಡ್ಡಕರು ಮ್ಯಾನೇಜರ್ ಹೇಳಿಕೊಟ್ಟಂತೆ ಫ್ರಿಜ್ಜಿನ ದುಡ್ಡು ಕಟ್ಟಿ, ಚಿಕ್ಕ ಕಾರ್ಡಿನ ಮಿತಿ ಹೆಚ್ಚಿಸಿಕೊಂಡು, ಅದರಲ್ಲಿ ಚೂರೇ ಚೂರು ಬಳಸಿ ಕಟ್ಟತೊಡಗಿದರು. ವ್ರತ ಹಿಡಿದವರ ಹಾಗೆ! ಬೀರೂರಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಕಾರ್ಡ್ ತಗೋತೀರಾ ಎಂದು ಕೇಳಿ ಗಲ್ಲಾದವನ ಹತ್ತಿರ ಬೈಸಿಕೊಂಡರು. ಜಾತ್ರೆಯ ಬಳೆಗಾರ್ತಿಯ ಹತ್ತಿರವೂ ಕೇಳಿದರಂತೆ. ಅಂತೂ ನಂಬರು ಒಂದೊಂದೇ ಮೆಟ್ಟಿಲು ಹತ್ತಿತು.

ದೀಪಾವಳಿಗೆ ಮುಂಚೆ ಮತ್ತೆ ಅದೇ ಬ್ಯಾಂಕು, ಅದೇ ಇಸ್ತ್ರಿ ಪಂಚೆ. ಕಾಗದಗಳೆಲ್ಲ ಸರಿ ಇದ್ದವು. ಷಡ್ಡಕರು ಸಹಿ ಹಾಕಲು ಪೆನ್ನು ತೆಗೆದಾಗ ಮ್ಯಾನೇಜರ್ ನಗುತ್ತಾ, ಅಲ್ಲ ಸಾರ್, ಅವತ್ತು ಯಾರು ಹೇಳಿದರು ಅಂತ ಎಲ್ಲ ಮುಚ್ಚಿಸಿದಿರಿ ಎಂದು ಕೇಳಿದರು. ನಾನೂ ಬಾಯಿ ಹಾಕಿ ಏನೋ ಚುಚ್ಚಬೇಕೆಂದಿದ್ದೆ. ಅಷ್ಟರಲ್ಲಿ ಅವರು ಪೆನ್ನಿನ ಮುಚ್ಚಳ ತೆಗೆಯುತ್ತಾ ತಮ್ಮ ಪಾಡಿಗೆ ಹೇಳಿದರು.

"ಯಾರೂ ಹೇಳ್ಲಿಲ್ಲ ಮೇಡಂ. ಜಾಮೀನು ಬರೆಯೋರು ಬರೀವಾಗ ನನ್ನ ಋಣದ ಕಾಲಮ್ಮಲ್ಲಿ ಇವನ ಹೆಸ್ರು ಒಂದೇ ಇರ್ಲಿ ಅಂತ. ಛತ್ರಿ, ಬ್ಯಾಗು ಕೊಟ್ಟೋರ ಜೊತೆಗೆ ಇವನ್ನ ಯಾಕೆ ಸೇರ್ಸೋದು ಅನ್ನಿಸ್ತು."

ಸಹಿ ಹಾಕಿ, ಮಸಿ ಆರಲೆಂದು ಉಫ್ ಎಂದು ಊದಿದರು.

ಮ್ಯಾನೇಜರ್ ನನ್ನ ಕಡೆ ನೋಡಿದರು. ನಾನು ತಲೆ ಎತ್ತಿ ಫ್ಯಾನು ನೋಡಿದೆ. ಅದು ಕಟಕಟ ಎನ್ನುತ್ತಿತ್ತು. ಬೇರಿಂಗ್ ಹೋಗಿದೆ ಮೇಡಂ, ಬಿಚ್ಚಿಸಿ ಅಂಗಡಿಗೆ ಕಳಿಸಿ ಎಂದು ಫ್ಯಾನಿಗೇ ಹೇಳಿದೆ.