ನಲವತ್ತು ಸೆಕೆಂಡಿಗೊಂದು ನಡೆ

ಪಶ್ಚಿಮ ಬೆಂಗಳೂರು ಆನ್‌ಲೈನ್ ಚದುರಂಗ ಸಂಘದ ನಿಯಮಾವಳಿಯ ಪ್ರಕಾರ ಸದಸ್ಯರು ಕಂಪ್ಯೂಟರಿನ ನೆರವಿಲ್ಲದೆ, ಸ್ವಂತ ಬುದ್ಧಿಯಿಂದಲೇ ಆಡತಕ್ಕದ್ದು. ಯಾರದು ಸ್ವಂತ ಬುದ್ಧಿ ಎಂಬುದನ್ನು ಕಂಪ್ಯೂಟರೇ ತೀರ್ಮಾನಿಸತಕ್ಕದ್ದು. ಈ ವ್ಯವಸ್ಥೆಯಲ್ಲಿ ಈವರೆಗೆ ಯಾರೂ ದೋಷ ಕಂಡಿರಲಿಲ್ಲ.

ದೀಪಾಂಜಲಿ ನಗರದ ಗುರವ್ವನಿಗೆ ನೋಟಿಸು ಬಂದದ್ದು ಸೆಮಿಫೈನಲ್ ಗೆದ್ದ ಮರುದಿನ. ಜಮಖಂಡಿ ಕಡೆಯಿಂದ ಬಂದು ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುವ ಆಕೆಯನ್ನು ಇಡೀ ಬಡಾವಣೆ ರೊಟ್ಟಿ ಆಂಟಿ ಎಂದೇ ಕರೆಯುತ್ತಿತ್ತು. ಒಂದು ಸಲವಾದರೂ ಸಂಘದ ಕಪ್ಪಿನ ಮೇಲೆ ‘ಗುರವ್ವ’ ಎಂದು ಕೆತ್ತಿಸಿಕೊಳ್ಳಬೇಕೆಂಬುದು ಆಕೆಯ ಬಹುದಿನದ ಆಸೆ. ಅದಕ್ಕಿನ್ನು ಒಂದೇ ಆಟ ಬಾಕಿಯಿತ್ತು. ಅಷ್ಟರಲ್ಲಿ ಈ ನೋಟಿಸು:

“ತಾವು ನಲವತ್ತೊಂದು ನಡೆಗಳಲ್ಲಿ ಪ್ರತಿಯೊಂದಕ್ಕೂ ಸರಿಯಾಗಿ ನಲವತ್ತು ಸೆಕೆಂಡು ತೆಗೆದುಕೊಂಡಿರುತ್ತೀರಿ. ಒಂದೂ ತಪ್ಪು ಮಾಡಿರುವುದಿಲ್ಲ. ಇದು ಮನುಷ್ಯರ ಲಕ್ಷಣವಲ್ಲ. ತಾವು ಮನುಷ್ಯರೆಂಬುದಕ್ಕೆ ಮೂರು ದಿನದೊಳಗೆ ದಾಖಲೆ ಒದಗಿಸತಕ್ಕದ್ದು.”

ಕೆಳಗೆ ಸಂಘದ ಅಧ್ಯಕ್ಷ ದೊಡ್ಡಹನುಮಯ್ಯನವರ ಸಹಿಯಿತ್ತು. ಫೈನಲ್‌ನಲ್ಲಿ ಗುರವ್ವನ ಎದುರಾಳಿಯೂ ಅವರೇ. ಇದರಿಂದ ನ್ಯಾಯಕ್ಕೇನೂ ಧಕ್ಕೆಯಿಲ್ಲವೆಂದು ಅವರೇ ಲಿಖಿತವಾಗಿ ತಿಳಿಸಿದ್ದರು. ವಿಜಯನಗರದಲ್ಲಿ ಆರು ಬಿಲ್ಡಿಂಗುಗಳ ಮಾಲೀಕರಾದ ಅವರು ಫೈನಲ್ ತಲುಪಿದ ದಾರಿಯೂ ನಿಷ್ಕಳಂಕ. ಎದುರಾಳಿಗಳೆಲ್ಲ ಅವರ ಬಾಡಿಗೆದಾರರು. ನಾಲ್ಕನೇ ನಡೆಗೇ ಸ್ವಇಚ್ಛೆಯಿಂದ ಸೋಲೊಪ್ಪಿಕೊಂಡಿದ್ದರು.

ಗುರವ್ವ ದಾಖಲೆಗಾಗಿ ಒಂದು ಸರ್ಕಾರಿ ಕಚೇರಿಗೆ ಹೋದಳು. ಅಲ್ಲಿನ ಗುಮಾಸ್ತರು ಮರ್ಯಾದೆಯಿಂದಲೇ ಹೇಳಿದರು: “ಹುಟ್ಟಿದ್ರೆ ಸರ್ಟಿಫಿಕೇಟ್ ಕೊಡ್ತೀವಿ, ಸತ್ರೂ ಕೊಡ್ತೀವಿ. ಮಧ್ಯದ್ದು ನಮ್ಮ ಸೆಕ್ಷನ್ನಿಗೆ ಬರಲ್ಲ ಆಂಟಿ.”

ಮೂರನೇ ದಿನ ಸಂಘದ ತಾಂತ್ರಿಕ ಅಧಿಕಾರಿ ಮಧುಕುಮಾರ್ ಖುದ್ದು ತನಿಖೆಗೆ ಬಂದ. ಗುರವ್ವ ಒಲೆಯ ಮುಂದೆ ಕೂತು, ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಆಡಿ ತೋರಿಸಿದಳು.

“ರೊಟ್ಟಿ ಬೇಯಾಕ ನಲವತ್ತು ಸೆಕೆಂಡ್ ಬೇಕ್ರಿ. ಅಷ್ಟರಾಗ ನಾ ವಿಚಾರ ಮಾಡ್ತೀನಿ. ರೊಟ್ಟಿ ತಗೀತೀನಿ, ಕುದ್ರಿ ನಡಸ್ತೀನಿ. ಇದರಾಗ ಮೋಸ ಏನೈತಿ?”

ಮಧುಕುಮಾರ್ ಗಡಿಯಾರ ನೋಡಿದ. ಸರಿಯಾಗಿ ನಲವತ್ತು. ಪರೀಕ್ಷಾರ್ಥ ನಾಲ್ಕು ರೊಟ್ಟಿ ತಿಂದು, ಉಳಿದವಕ್ಕೆ ಸ್ಕೇಲು ಹಿಡಿದ.

“ತಪ್ಪು ತಿಳ್ಕೋಬೇಡಿ ಆಂಟಿ. ಇದು ಒಂಬತ್ತು ಇಂಚು. ಇದೂ ಒಂಬತ್ತು. ಇದೂ ಒಂಬತ್ತೇ. ರೊಟ್ಟಿನೂ ಮಷಿನ್ನೇ ಮಾಡ್ತಿರೋ ಹಾಗಿದೆ.”

ಗುರವ್ವನಿಗೆ ರೇಗಿಹೋಯಿತು. ಇಷ್ಟು ವರ್ಷ ತಟ್ಟಿದ ಕೈಗೆ ಈ ಮಾತೇ ಎಂದು ನಿಜಕ್ಕೂ ನೋವಾಯಿತು. “ಸೊಟ್ಟ ಮಾಡಿದ್ರ ಗಿರಾಕಿ ಬೈತಾರ, ದುಂಡಗ ಮಾಡಿದ್ರ ನೀವು ಬೈತೀರಿ. ನಾ ಏನ್ ಮಾಡ್ಲಿ?”

ಮಧುಕುಮಾರನಿಗೆ ಅಯ್ಯೋ ಅನ್ನಿಸಿತು. ಅವನ ಶಿಫಾರಸಿನ ಮೇರೆಗೆ ತುರ್ತು ಸಭೆ ಸೇರಿ ನಿಯಮಕ್ಕೆ ತಿದ್ದುಪಡಿಯಾಯಿತು: “ಫೈನಲ್‌ನಲ್ಲಿ ಪ್ರತಿ ಆಟಗಾರರೂ ತಾವು ಮನುಷ್ಯರೆಂದು ತೋರಿಸಲು ಕಡ್ಡಾಯವಾಗಿ ಐದು ತಪ್ಪು ಮಾಡತಕ್ಕದ್ದು. ತಪ್ಪು ತಪ್ಪೇ ಎಂದು ಖಚಿತಪಡಿಸಿಕೊಳ್ಳಲು ಕಂಪ್ಯೂಟರನ್ನು ಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಅದರಲ್ಲಿ ಸರಿಯಾದ ನಡೆ ಕಂಡುಬಂದಲ್ಲಿ ಕಣ್ಣು ಮುಚ್ಚಿಕೊಳ್ಳತಕ್ಕದ್ದು.”

ಫೈನಲ್ ನಡೆದದ್ದು ಬಸವೇಶ್ವರನಗರದ ಸಂಘದ ಹಾಲ್‌ನಲ್ಲಿ. ಆನ್‌ಲೈನ್ ಸ್ಪರ್ಧೆಯಾದ್ದರಿಂದ ಇಬ್ಬರೂ ಎದುರುಬದುರು ಕೂತು ಮೊಬೈಲ್ ನೋಡತೊಡಗಿದರು. ಗುರವ್ವ ಒಲೆ, ತವಾ ತಂದಿದ್ದಳು. ಸದಸ್ಯರಿಗೆಲ್ಲ ರೊಟ್ಟಿ ಕೊಡುವ ಷರತ್ತಿಗೊಳಪಟ್ಟು ಅನುಮತಿ ಸಿಕ್ಕಿತ್ತು.

ಆಕೆ ಕಂಪ್ಯೂಟರನ್ನು ಕೇಳಿ ಕೇಳಿ ಮೊದಲ ಐದು ನಡೆಗಳಲ್ಲೇ ಐದೂ ತಪ್ಪು ಮುಗಿಸಿಬಿಟ್ಟಳು. ಕುದುರೆ ಹೋಯಿತು, ಒಂಟೆ ಹೋಯಿತು. ಆಮೇಲೆ ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿ ರೊಟ್ಟಿ ತಟ್ಟಲು ಕೂತಳು. ಅಧ್ಯಕ್ಷರು ಕಂಪ್ಯೂಟರಿನ ಸಲಹೆಯಂತೆ ಐದು ತಪ್ಪು ಮಾಡಿ, ಸ್ವಂತ ಬುದ್ಧಿಯಿಂದ ಇನ್ನೂ ಇಪ್ಪತ್ತೇಳು ಮಾಡಿದರು. ಮೂವತ್ತೆಂಟನೇ ನಡೆಗೆ ಅವರ ರಾಜ ಸಿಕ್ಕಿಬಿದ್ದ.

ಬಾಡಿಗೆದಾರರು ನೆಲ ನೋಡಿದರು. ಮಧುಕುಮಾರ್ ಎದ್ದು ನಿಂತು ಕಂಪ್ಯೂಟರಿನ ವರದಿ ಓದಿದ: ಅಧ್ಯಕ್ಷರು ನೂರಕ್ಕೆ ನೂರು ಮನುಷ್ಯರು, ಆದ್ದರಿಂದ ಮಾನವ ವಿಭಾಗದ ಚಾಂಪಿಯನ್. ಗುರವ್ವನವರು ಯಂತ್ರ ವಿಭಾಗದ ಚಾಂಪಿಯನ್.

“ಕಪ್ಪಿನ ಮ್ಯಾಲ ನನ್ನ ಹೆಸರು ಬರ್ತದೋ ಇಲ್ಲೋ?” ಗುರವ್ವ ಕೇಳಿದಳು.

“ಬರುತ್ತೆ ಆಂಟಿ.”

“ಹಂಗಾರ ಆತು ಬಿಡ್ರಿ.”

ಕಪ್ಪಿನ ಮೇಲೆ ‘ಗುರವ್ವ, ಶ್ರೇಷ್ಠ ಯಂತ್ರ’ ಎಂದು ಅಲ್ಲೇ ಕೆತ್ತಿಸಿದರು. ಆಕೆ ಸೆರಗಿನಿಂದ ಅದನ್ನು ಒರೆಸಿ ಒರೆಸಿ ನೋಡಿದಳು. ಮಧುಕುಮಾರ್ ಒಂದು ಮುಚ್ಚಳಿಕೆ ಪತ್ರ ಮುಂದೆ ಚಾಚಿದ.

“ಇಲ್ಲೊಂದು ಸೈನ್ ಹಾಕಿ. ಮುಂದಿನ ವರ್ಷದಿಂದ ಯಂತ್ರ ವಿಭಾಗದಲ್ಲಿ ಆಡೋರು ಯಾವುದೇ ಮನುಷ್ಯರ ಸಹಾಯ ತಗೊಳ್ಳೋ ಹಾಗಿಲ್ಲ.”

“ಮೂವತ್ತು ವರ್ಷ ಆತ್ರಿ ಲಗ್ನ ಆಗಿ, ಅಡಗಿ ಮನ್ಯಾಗ ಒಬ್ಬ ಮನಷ್ಯಾನೂ ಸಹಾಯಕ್ಕ ಬಂದಿಲ್ಲ,” ಎಂದು ಗುರವ್ವ ಸಹಿ ಹಾಕಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು, ಆರನೇ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಮೊದಲ ಸಾಲಿನಿಂದ ಎದ್ದು ನಿಂತ ಆಕೆಯ ಗಂಡ ದುಂಡಪ್ಪ.