ಎರಡು ಮನೆಯ ಚಹಾ, ಒಬ್ಬ ಹುಡುಗಿಯ ಫುಟ್‌ಬಾಲು

ನಾನು ಸುದ್ದಿ ಹುಡುಕಿಕೊಂಡು ಹೋಗುವವಳಲ್ಲ. ಸುದ್ದಿಯೇ ದಾಂಡೇಲಿಯೆಲ್ಲ ಸುತ್ತಿ, ದಣಿದು, ನಮ್ಮ ಮನೆ ಕಟ್ಟೆಗೆ ಬಂದು ಕೂಡುತ್ತದೆ. ಬಂದದ್ದನ್ನು ಕೂಡಬೇಡ ಅನ್ನಲಿಕ್ಕಾಗುತ್ತದೇನ್ರಿ? ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಬರೆಯುವುದರಲ್ಲಿ ತಪ್ಪಿರಬಹುದು, ಸುದ್ದಿಯಲ್ಲಿ ಇಲ್ಲ.

೧. ರಕ್ತ ಯಾರದು?

ನಮ್ಮ ಓಣಿಯ ಗ್ಯಾರೇಜಿನ ಸಾಹೇಬರು ಇಪ್ಪತ್ಮೂರು ವರ್ಷದ ಹಿಂದೆ ಮಿಲ್ಲಿನ ಫಿಟ್ಟರ್ ಮಗಳನ್ನು ರಿಜಿಸ್ಟರ್ ಮದುವೆಯಾದರು. ಅವರು ಮುಸಲ್ಮಾನರು, ಈಕೆ ಧಾರವಾಡ ಕಡೆಯ ಲಿಂಗಾಯತರ ಮಗಳು. ಗಂಡ ಹೆಂಡತಿ ಇಬ್ಬರೂ ಛಲೋ ಇದ್ದಾರೆ. ಹಾಗಾಗಿ ಅಲ್ಲಿ ಸುದ್ದಿ ಏನೂ ಸಿಗಲಿಲ್ಲ. ಸುದ್ದಿ ಇದ್ದದ್ದು ಅವರಿಬ್ಬರ ತಾಯಂದಿರಲ್ಲಿ. ಹುಡುಗಿ ಹುಟ್ಟಿದ ಮೇಲೆ ಅಪ್ಪನ ತಾಯಿ ದಾದಿಯಾದಳು, ಅವ್ವನ ತಾಯಿ ಆಯಿಯಾದಳು. ಆದರೆ ಮದುವೆಯ ದಿನದಿಂದ ದಾದಿಗೂ ಆಯಿಗೂ ಮಾತಿಲ್ಲ. ಎರಡು ಮನೆಯ ನಡುವೆ ಎಂಟು ಮನೆ. ಅದರ ನಟ್ಟನಡುವೆ ನನ್ನ ಕಟ್ಟೆ. ದೇವರು ದೊಡ್ಡವನು.

ಹುಡುಗಿ ಹತ್ತು ವರ್ಷಕ್ಕೇ ಓಣಿಯ ಹುಡುಗರ ಕಾಲಿನಿಂದ ಚೆಂಡು ಕಸಿಯತೊಡಗಿದಳು. ಒಂದು ದಿನ ಕಿರಾಣಿ ಅಂಗಡಿಯವನ ಮಗ ಚೆಂಡು ಒದೆಯುತ್ತ ಜೋರಾಗಿ ಬಂದ. ಚೆಂಡು ಈಕೆಯ ಕಾಲಲ್ಲಿ ಉಳಿಯಿತು, ಅವನು ಗಟಾರದಲ್ಲಿ ಉಳಿದ.

ನಾನು ಮೊದಲು ಆಯಿ ಮನೆಗೆ ಹೋದೆ. ಆಯಿ ಚಹಾ ಕೊಟ್ಟು, "ನಮ್ಮ ಮನಿತನದಾಗ ಹೆಣ್ಮಕ್ಕಳು ಬಾಗಲಾ ಸೈತ ಕಾಲಿಲೆ ದೂಡಂಗಿಲ್ಲವಾ. ಇದು ಅವರ ಕಡಿ ರಕ್ತ" ಅಂದಳು.

ಅಲ್ಲಿಂದ ದಾದಿ ಮನೆಗೆ. ದಾದಿಯೂ ಚಹಾ ಕೊಟ್ಟು, "ತೋಬಾ ತೋಬಾ! ನಮ್ಮ ಖಾನದಾನಿನಾಗ ಇಂಥಾದ್ದು ಇಲ್ಲವಾ. ಮಿಲ್ಲಿನವರ ರಕ್ತ ಅದು" ಅಂದಳು.

ರಕ್ತ ಯಾರದೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಸಕ್ಕರೆ ಮಾತ್ರ ದಾದಿ ಮನೆಯಲ್ಲೇ ಜಾಸ್ತಿ.

೨. ಬ್ರೇಕು

ಬಂಗೂರನಗರದ ಮೈದಾನದಲ್ಲಿ ಆಡುತ್ತ ಆಡುತ್ತ ಹುಡುಗಿ ಬೆಳೆದಳು. ಗೋವಾದ ಒಂದು ಕ್ಲಬ್ಬಿನವರು ಪಗಾರ ಕೊಟ್ಟು ಕರೆದುಕೊಂಡು ಹೋದರು. ಈಗ ಓಣಿಗೆ ಒಂದೇ ಚಿಂತೆ.

"ಎಷ್ಟು ಗೋಲು ಹೊಡದಾಳ್ರಿ?"

"ಒಂದೂ ಇಲ್ಲ."

"ಪಾಪ!"

ಆಕೆಯ ಕೆಲಸ ಗೋಲು ಹೊಡೆಯುವುದಲ್ಲ, ಹೊಡೆಯಲು ಬಂದವರನ್ನು ತಡೆಯುವುದು. ಇದನ್ನು ತಿಳಿಸಿ ಹೇಳಿ ಸಾಹೇಬರ ಬಾಯಿ ಒಣಗಿತು. ಒಂದು ದಿನ ರಿಟೈರ್ಡ್ ಮಾಸ್ತರರು ಸ್ಕೂಟರ್ ತಂದು ನಿಲ್ಲಿಸಿ, "ಅಲ್ರೀ ಸಾಹೇಬರ, ಗೋಲು ಹೊಡಿಯದವರಿಗೆ ಯಾಕ ಪಗಾರ ಕೊಡ್ತಾರ?" ಅಂದರು.

ಸಾಹೇಬರು ಕೈ ಒರೆಸಿಕೊಂಡರು. "ಮಾಸ್ತರ, ಗಾಡಿ ಓಡಸೂದು ಇಂಜಿನ್ನು ಹೌದಲ್ರಿ? ಖರೆ, ಬ್ರೇಕ್ ಇಲ್ಲಂದ್ರ ನೀವು ಇಷ್ಟೊತ್ತಿಗೆ ಕಾಳಿ ನದ್ಯಾಗ ಇರತಿದ್ರಿ. ನನ್ನ ಮಗಳು ಬ್ರೇಕು. ಬ್ರೇಕಿಗೆ ಯಾರೂ ಹಾರ ಹಾಕಂಗಿಲ್ಲ."

ಎಲ್ಲರೂ ಭೇಷ್ ಅಂದರು. ಮಾಸ್ತರರೂ ತಲೆಯಾಡಿಸಿದರು. "ಹಂಗಾರ ಒಂದು ಕೆಲಸ ಮಾಡ್ರಿ. ಆಕಿ ಸೂಟಿ ಮ್ಯಾಲ ಊರಿಗೆ ಬಂದಾಗ ನನ್ನ ಸ್ಕೂಟರಿಗೂ ಒಂಚೂರು ಕಲಿಸಿ ಹೋಗಂತ ಹೇಳ್ರಿ. ಹೋದ ವಾರ ನೀವು ಹಾಕಿದ ಬ್ರೇಕು ಇನ್ನೂ ಹಿಡಿಯವಲ್ದು."

೩. ಫ್ಲೆಕ್ಸು

ಪೇಪರಿನಲ್ಲಿ ಹುಡುಗಿಯ ಫೋಟೊ ಬಂತು. ನಮ್ಮ ವಾರ್ಡಿನ ಪುಢಾರಿ ಅದನ್ನು ದೊಡ್ಡದು ಮಾಡಿಸಿ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸಿ, ಡೊಳ್ಳು ಬಾರಿಸಿ, ಹಾರ ಹಾಕಿದ. ಪುಢಾರಿ ಅಂದರೆ ಗೊತ್ತಲ್ಲ, ಇನ್ನೂ ಆರಿಸಿ ಬಂದಿಲ್ಲ, ಹಾರಕ್ಕೆ ಮಾತ್ರ ಕುತ್ತಿಗೆ ರೆಡಿ ಇದೆ. ಸಾಹೇಬರು ಹತ್ತಿರ ಹೋಗಿ ನೋಡಿದರು. ಪೇಪರಿನವರು ಯಾವತ್ತೂ ಚೆಂಡು ಇದ್ದವರ ಫೋಟೊ ತೆಗೆಯುವವರು. ಚೆಂಡು ಇದ್ದದ್ದು ಎದುರು ತಂಡದ ಹುಡುಗಿಯ ಕಾಲಲ್ಲಿ. ನಮ್ಮವಳದು ಮೂಲೆಯಲ್ಲಿ ಒಂದು ಮೊಣಕೈ ಅಷ್ಟೇ.

"ಇದು ನನ್ನ ಮಗಳಲ್ರಿ!"

ಪುಢಾರಿ ಫ್ಲೆಕ್ಸನ್ನು ಮೇಲಿಂದ ಕೆಳಗೆ ನೋಡಿದ. "ಇರಲಿ ಬಿಡ್ರಿ ಸಾಹೇಬರ. ನನ್ನ ಫೋಟೊ ಛಲೋ ಬಂದೈತಿ."

೪. ಮೊದಲನೇ ಗೋಲು

ಒಂದು ದಿನ ಗೋವಾದ ಪಂದ್ಯವನ್ನು ಗ್ಯಾರೇಜಿನಲ್ಲಿ ಮೊಬೈಲ್ ಇಟ್ಟುಕೊಂಡು ಇಡೀ ಓಣಿ ನೋಡುತ್ತಿತ್ತು. ಗದ್ದಲದಲ್ಲಿ ಹುಡುಗಿಯ ಕಾಲು ತಾಗಿ ಚೆಂಡು ಬಲೆಯೊಳಗೆ ಹೋಯಿತು. ಗೋಲು! ಪರದೆಯ ಮೇಲೆ ಆಕೆಯದೇ ಹೆಸರು. ಹೆಸರಿನ ಮುಂದೆ ಓ.ಜಿ. ಅಂತ ಎರಡು ಇಂಗ್ಲಿಷ್ ಅಕ್ಷರ ಬೇರೆ. "ನೋಡ್ರಿ, ಡಿಗ್ರಿನೂ ಕೊಟ್ಟರು" ಅಂದೆ ನಾನು.

ಪಟಾಕಿ ಹೊಡೆದದ್ದೇ ಹೊಡೆದದ್ದು. ಆಯಿ ಪೇಡೆ ಹಂಚಿದಳು, ದಾದಿ ಶೀರಾ ಮಾಡಿದಳು. ಎರಡೂ ಮನೆಯಲ್ಲಿ ಒಂದೇ ಮಾತು: "ಎಷ್ಟಂದ್ರೂ ನಮ್ಮ ರಕ್ತ!" ಸಾಹೇಬರು ಮಾತ್ರ ಜೀಪಿನ ಬಾನೆಟ್ಟಿನೊಳಗೆ ತಲೆ ಹಾಕಿದವರು ಹೊರಗೆ ತೆಗೆಯಲೇ ಇಲ್ಲ. ನನಗೆ ಆಗಲೇ ಸಂಶಯ ಬಂತು.

ಸಂಜೆ ಸಾಹೇಬರ ಮೊಬೈಲಿಗೆ ಹುಡುಗಿಯ ಫೋನು ಬಂತು, ನಾನು ಅಲ್ಲೇ ನಿಂತಿದ್ದೆ. ಅಳುತ್ತಿದ್ದಳು. "ಅಬ್ಬಾಜಾನ್, ಅದು ಓನ್ ಗೋಲ್, ಸೆಲ್ಫ್ ಗೋಲ್. ನಮ್ಮ ಗೋಲಿನಾಗ ನಾನ ಹೊಡದೆ. ಅದೊಂದರಿಂದನ ಸೋತಿವಿ."

ನಾನು ಚಪ್ಪಲಿ ಮೆಟ್ಟಿಕೊಳ್ಳದೆ ಎರಡೂ ಮನೆಗೆ ಓಡಿದೆ. ಆಯಿ ಅಂದಳು, "ನಾ ಮೊದಲ ಹೇಳಿರಲಿಲ್ಲೇನ, ಅವರ ಕಡಿ ರಕ್ತ ಅಂತ?" ದಾದಿ ಅಂದಳು, "ನಾ ಮೊದಲ ಹೇಳಿರಲಿಲ್ಲೇನ, ಮಿಲ್ಲಿನವರ ರಕ್ತ ಅಂತ?" ಗೋಲನ್ನು ಇಬ್ಬರೂ ಬಿಟ್ಟುಕೊಟ್ಟರು. ಹಂಚಿದ ಪೇಡೆ ವಾಪಸ್ ಕೇಳಲಿಲ್ಲ, ಅಷ್ಟೇ ಪುಣ್ಯ.

೫. ಒಂದೇ ಬೆಂಚು

ಮೂರು ದಿನಕ್ಕೆ ಹುಡುಗಿ ಚೀಲ ಹೊತ್ತು ಬಂದಿಳಿದಳು. ಬೂಟು ಬಿಚ್ಚಿ ಗ್ಯಾರೇಜಿನ ಮೊಳೆಗೆ ನೇತುಹಾಕಿದಳು. "ಆಟ ಸಾಕು. ಗೆದ್ದರ ನಾ ಎರಡೂ ಮನ್ಯಾಕಿ. ಸೋತರ ಯಾವ ಮನ್ಯಾಕೀನೂ ಅಲ್ಲ."

ಯಾರು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ನನ್ನ ಕಟ್ಟೆಗೆ ಬಂದಳು. "ಕಟ್ಟಿ ಅಜ್ಜಿ, ಐತಾರ ಹಳಿಯಾಳದಾಗ ಊರಿನ ತಂಡಕ್ಕ ಒಂದು ಪಂದ್ಯ ಆಡಿ ಕೊಡ್ತೇನಂದೇನಿ. ದಾದಿ, ಆಯಿ ಇಬ್ಬರೂ ಒಂದ ಬೆಂಚಿನ ಮ್ಯಾಲ ಕುಂತು ನೋಡಿದ್ರ ಗೋವಾಕ್ಕ ಹೋಗ್ತೇನಿ. ಇಲ್ಲಂದ್ರ ಇಲ್ಲೇ ಪಂಕ್ಚರ್ ಹಚ್ಚಕೊಂತ ಇರ್ತೇನಿ. ಹೋಗಿ ಹೇಳ್ರಿ. ಇದ್ದದ್ದು ಇದ್ದಂಗ ಹೇಳ್ರಿ."

ಇದ್ದದ್ದು ಇದ್ದಂತೆ ಹೇಳಿದೆ. ನನ್ನ ಜನ್ಮದಲ್ಲಿ ಅದೇ ಮೊದಲು. ಹೇಳುವಾಗ ನಾಲಿಗೆಗೆ ರುಚಿಯೇ ಹತ್ತಲಿಲ್ಲ.

ರವಿವಾರ ಇಬ್ಬರೂ ಬಂದರು. ಆದರೆ ನಾನು ನಡುವೆ ಕೂಡಬೇಕು ಅನ್ನುವುದು ಇಬ್ಬರದೂ ಶರತ್ತು. ಕೂತೆ. ದಾದಿ ಆ ಕಡೆ ನೋಡುತ್ತಾಳೆ, ಆಯಿ ಈ ಕಡೆ. ಮೈದಾನದ ಕಡೆ ನೋಡುತ್ತಿದ್ದವಳು ನಾನೊಬ್ಬಳೇ.

ಪಂದ್ಯ ಮುಗಿಯಲಿಕ್ಕೆ ಬಂದಿತ್ತು. ಎದುರು ತಂಡದವಳೊಬ್ಬಳು ಎಲ್ಲರನ್ನೂ ದಾಟಿ ಗೋಲಿನ ಕಡೆ ಓಡಿದಳು. ನಮ್ಮವಳು ಎಲ್ಲಿದ್ದಳೋ ಏನೋ, ನೆಲಕ್ಕೆ ಜಾರಿ ಬಂದು ಚೆಂಡು ಕಸಿದಳು. ಆ ಹುಡುಗಿಯ ಬೂಟಿಗೂ ಧಕ್ಕೆ ಇಲ್ಲ, ಚೆಂಡು ಮಾತ್ರ ಮೈದಾನದ ಹೊರಗೆ. ದಾದಿ, ಆಯಿ ಇಬ್ಬರೂ ಒಮ್ಮೆಲೇ ಎದ್ದು ನಿಂತರು.

"ನಮ್ಮ ರಕ್ತ!"

ಒಂದೇ ಮಾತು, ಎರಡು ಬಾಯಿ. ಇಬ್ಬರೂ ನಾಚಿಕೊಂಡು ಕೂತರು.

ಆಮೇಲೆ ಸನ್ಮಾನ. ಮೈಕಿನವನು ಕೇಳಿದ, "ಯಾರನ್ನೂ ದಾಟಿ ಹೋಗಾಕ ಬಿಡಂಗಿಲ್ಲಲ್ಲ, ಇದನ್ನ ಯಾರ ಕಡಿಂದ ಕಲಿತ್ರಿ?" ಎಡಕ್ಕೆ ದಾದಿ ಸೆರಗು ಸರಿಮಾಡಿಕೊಂಡಳು, ಬಲಕ್ಕೆ ಆಯಿ ಗಂಟಲು ಸರಿಮಾಡಿಕೊಂಡಳು. ಹುಡುಗಿ ನನ್ನ ಕಡೆ ಬೆರಳು ಮಾಡಿದಳು.

"ಅಗಾ, ನಡುವ ಕುಂತಾರಲ್ಲ, ಅವರ ಕಡಿಂದ. ಪೂರಾ ಪಂಚನಾಮೆ ಆಗೂತನಕ ಅವರ ಕಟ್ಟಿ ದಾಟಿ ಒಬ್ಬರೂ ಮುಂದ ಹೋಗಾಕ ಆಗಂಗಿಲ್ರಿ."

ಮೈದಾನವೆಲ್ಲ ನಕ್ಕಿತು. ಆಗ ಇಪ್ಪತ್ಮೂರು ವರ್ಷದ ಮೇಲೆ ದಾದಿ ನನ್ನ ಮೂಗಿನ ಮುಂದಿನಿಂದ ಬಾಗಿ ಆಯಿಗೆ ಅಂದಳು, "ಖರೆ ಹೇಳಿದಳು ನೋಡ್ರಿ ಬೀಗತಿ."

"ಖರೇನ ಅಲ್ಲೇನ್ರಿ? ಈಕಿ ನಿಮ್ಮ ಮನ್ಯಾಗ ಚಹಾ ಕುಡದು ಬಂದು, ನೀವು ನಮಗ ಬೈದಿರಿ ಅಂತ ನಮ್ಮ ಮನ್ಯಾಗ ಹೇಳತಿದ್ದಳು."

"ಅಯ್ಯ, ನಮ್ಮ ಮನ್ಯಾಗೂ ಅದನ! ನನಗ ಸೊಟ್ಟಮೂತಿ ಅಂತ ನೀವು ಅಂದಿದ್ರಂತ?"

"ನಾ ಎಲ್ಲಿ ಅಂದೇನ್ರಿ? ನೀವ ನನಗ ಅಂದಿದ್ರಂತಲ್ಲ?"

ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು. ನಾನು ಮೈದಾನದ ಕಡೆ ತಿರುಗಿದೆ.

ಹುಡುಗಿ ಗೋವಾಕ್ಕೆ ಹೋದಳು. ದಾದಿ, ಆಯಿ ದಿನಾ ಸಂಜೆ ಒಂದೇ ಕಟ್ಟೆಯ ಮೇಲೆ ಕೂಡುತ್ತಾರೆ. ನಾನು ಹೋದರೆ ಇಬ್ಬರೂ ಬಾಯಿ ಮುಚ್ಚುತ್ತಾರೆ. ಎರಡೂ ಮನೆಯ ಚಹಾ ಬಂದ್ ಆಗಿದೆ. ಮೊನ್ನೆ ಹುಡುಗಿ ಫೋನು ಮಾಡಿದಾಗ ನನ್ನ ಸಂಕಟವನ್ನೆಲ್ಲ ತೋಡಿಕೊಂಡೆ. "ನಿನ್ನ ಸಲುವಾಗಿ ಇದ್ದದ್ದು ಇದ್ದಂಗ ಹೇಳಿ ಇಬ್ಬರನ್ನೂ ಕೂಡಿಸಿದೆನಲ್ಲವಾ, ನನಗ ಈ ಗತಿ ಬರಬೇಕೇನ?"

ಆಕೆ ನಕ್ಕು ನಕ್ಕು ಸಾಕಾಗಿ ಅಂದಳು, "ಅಜ್ಜಿ, ಅದಕ್ಕ ಸೆಲ್ಫ್ ಗೋಲ್ ಅಂತಾರ."